ಹೇರಿದ ಗಾಡಿಯ ಓಟ

ಹಳ್ಳದ ಇಳಕಲು ಬಂದರೆ ಅಪ್ಪ ಗಾಡಿಯ ಮೇಲೆ ಕೂಡುತ್ತಿರಲಿಲ್ಲ. ಅಲ್ಲಿಯ ತನಕ ಕಬ್ಬಿನ ಹೇರಿನ ಮುಂದೆ ಕಂಬಳಿ ಹೊದ್ದು, ಕಾಲು ಇಳಿಬಿಟ್ಟು, ಅರೆನಿದ್ದೆಯಲ್ಲಿ ತೂಗುತ್ತಿದ್ದವನು ತಟ್ಟನೆ ಕೆಳಗೆ ಜಿಗಿದು ಎತ್ತುಗಳ ಮುಂದೆ ಹೋಗುತ್ತಿದ್ದ. ಎರಡೂ ಹಗ್ಗ ಬಿಗಿಯಾಗಿ ಹಿಡಿದು, ಎತ್ತುಗಳ ಮುಖಕ್ಕೆ ಮುಖ ಮಾಡಿ, ಹಿಂದಕ್ಕೆ ಹೆಜ್ಜೆ ಇಡುತ್ತ "ಹೋ... ಸಾವಕಾಶ... ಹೋ..." ಎನ್ನುತ್ತಿದ್ದ. ನನ್ನ ಕೆಲಸ ಗಾಲಿಯ ಪಕ್ಕದಲ್ಲಿ. ತಲೆಯಷ್ಟು ದೊಡ್ಡ ಕಲ್ಲೊಂದನ್ನು ಎದೆಗೆ ಒತ್ತಿಕೊಂಡು ನಡೆಯಬೇಕು, "ಕಲ್ಲ ಕೊಡೋ!" ಎಂಬ ಮಾತು ಬಂದ ಕೂಡಲೇ ಗಾಲಿಯ ಮುಂದೆ ಇಟ್ಟು ಕೈ ಕಿತ್ತುಕೊಳ್ಳಬೇಕು. ಆಗ ನನಗೆ ಹನ್ನೊಂದು ವರ್ಷ. ಕಲ್ಲು ಇಡುವುದಕ್ಕಿಂತ ಕೈ ತೆಗೆಯುವುದನ್ನೇ ಅಪ್ಪ ಹೆಚ್ಚು ಸಲ ಹೇಳಿಕೊಟ್ಟಿದ್ದ.

ಈಗ ಕಾಗವಾಡ ತಾಲೂಕಿಗೆ ಸೇರಿರುವ ನಮ್ಮ ಊರು ಆಗ ಅಥಣಿ ತಾಲೂಕಿನಲ್ಲಿತ್ತು. ಕಬ್ಬು ಹೋಗುತ್ತಿದ್ದದ್ದು ಉಗಾರ ಖುರ್ದಕ್ಕೆ, 1939ರಲ್ಲಿ ಶುರುವಾದ ಸಕ್ಕರೆ ಕಾರ್ಖಾನೆಗೆ. ನಮ್ಮ ಮನೆಯಲ್ಲಿ ಅದಕ್ಕೆ ಹೆಸರೇ ಇರಲಿಲ್ಲ, ಬರಿ 'ಫ್ಯಾಕ್ಟರಿ'. ರಾತ್ರಿ ಊಟ ಮುಗಿಸಿ ಹೊರಟರೆ ಬೆಳಗಿನ ಜಾವಕ್ಕೆ ಸಾಲಿನಲ್ಲಿ ನಿಲ್ಲಬಹುದು ಎಂಬ ಲೆಕ್ಕ. ಹತ್ತು ಹನ್ನೆರಡು ಗಾಡಿ ಒಂದರ ಹಿಂದೆ ಒಂದು, ಪ್ರತಿ ಗಾಡಿಯ ಕೆಳಗೆ ತೂಗುವ ಕಂದೀಲು, ಕಿಲಾರಿ ಎತ್ತುಗಳ ಕೊರಳಗಂಟೆ. ದಾರಿಯಲ್ಲಿ ಒಂದೇ ಒಂದು ಕಷ್ಟದ ಜಾಗ, ಆ ಹಳ್ಳ.

ಆ ವರ್ಷಗಳಲ್ಲಿ ಕಟ್ಟಿಗೆಯ ಗಾಲಿಗಳು ಒಂದೊಂದಾಗಿ ಹೋಗಿ ಟಾಯರಿನ ಗಾಡಿಗಳು ಬರುತ್ತಿದ್ದವು. ಕಟ್ಟಿಗೆಯ ಗಾಲಿಗೆ ಕಬ್ಬಿಣದ ಪಟ್ಟಿ, ನಡುವೆ ಇರಸು, ಅದಕ್ಕೆ ಹೊತ್ತು ಹೊತ್ತಿಗೆ ಕೀಲೆಣ್ಣೆ. ಎಣ್ಣೆ ಒಣಗಿದರೆ ಅರ್ಧ ಹರದಾರಿಯಿಂದಲೇ ಕಿರುಗುಡುವ ಸದ್ದು ಕೇಳುತ್ತಿತ್ತು. ಟಾಯರ್ ಗಾಡಿಗೆ ಉಕ್ಕಿನ ಅಚ್ಚು, ಒಳಗೆ ಬೇರಿಂಗು. ಒಬ್ಬ ಮನುಷ್ಯ ಖಾಲಿ ಗಾಡಿಯನ್ನು ಒಂದೇ ಕೈಯಲ್ಲಿ ತಳ್ಳಬಹುದಿತ್ತು. ಅಪ್ಪ ಸಾಲ ಮಾಡಿ ಅಂಥ ಗಾಡಿ ತಂದ ದಿನ ಓಣಿಯ ಮಂದಿಯೆಲ್ಲ ತಳ್ಳಿ ನೋಡಿದರು. ಅಜ್ಜ ಮಾತ್ರ ಕಟ್ಟೆಯಿಂದ ಏಳಲಿಲ್ಲ. ಸುಣ್ಣ ತಿಕ್ಕುತ್ತ ಹೇಳಿದ: "ಇದು ಎಳ್ಯಾಕ ಹಗೂರ, ನಿಂದ್ರಸಾಕ ಜಡ."

ಹೊಸದನ್ನು ಕಂಡರೆ ಮುದುಕರಿಗೆ ಆಗುವುದಿಲ್ಲ ಎಂದು ನಾವೆಲ್ಲ ಅಂದುಕೊಂಡೆವು.

ಮರುವರ್ಷ ನಮ್ಮ ದಾರಿಗೆ ಡಾಂಬರು ಬಿತ್ತು. ಅದೇ ಹಂಗಾಮಿನಲ್ಲಿ, 1973ರ ಜನವರಿಯ ಒಂದು ಸಂಜೆ, ನನ್ನ ಓರಗೆಯ ಗೆಳೆಯನ ಕಾಲು ಹೋಯಿತು.

ಕಬ್ಬಿನ ಗಾಡಿಯ ಹಿಂದೆ ಓಡಿ ಗಳ ಎಳೆಯುವುದು ನಮ್ಮ ಕಡೆಯ ಹುಡುಗರಿಗೆ ಹಬ್ಬದಂಥ ಆಟ. ಹೇರಿನ ಹಿಂಭಾಗದಲ್ಲಿ ಹೊರಚಾಚಿದ ಗಳವೊಂದನ್ನು ಎರಡೂ ಕೈಯಿಂದ ಹಿಡಿದು, ಗಾಡಿಯ ಜೊತೆಗೇ ಓಡುತ್ತ, ಹಿಂದಕ್ಕೆ ಬಾಗಿ ಜಗ್ಗಬೇಕು. ಮೊದಲು ಅದು ಅಲುಗುವುದೇ ಇಲ್ಲ. ಆಮೇಲೆ ಒಮ್ಮೆಲೇ ಬರುತ್ತದೆ. ಒಮ್ಮೆಲೇ ಬರುವ ಆ ಗಳಿಗೆಗೆ ಮೈ ಸಿದ್ಧವಿರಬೇಕು, ಇಲ್ಲವಾದರೆ ಬೀಳುತ್ತೇವೆ. ನಾವು ಎಷ್ಟೋ ಸಲ ಬಿದ್ದು ನಕ್ಕಿದ್ದೆವು. ಆ ಸಂಜೆ ಅವನು ಹಿಂದಿನಿಂದ ಎಳೆಯಲಿಲ್ಲ, ಗಾಡಿಯ ಮಗ್ಗುಲಿನಿಂದ ಎಳೆದ. ಡಾಂಬರಿನ ಮೇಲೆ ಹಿಂದಿನ ಗಾಡಿಗಳಿಂದ ಉದುರಿದ ರವದಿ, ಕಬ್ಬಿನ ಒಣ ಗರಿ, ಹಾಸಿತ್ತು. ಗಳ ಕಿತ್ತು ಬಂದಾಗ ಅವನ ಕಾಲು ರವದಿಯ ಮೇಲೆ ಜಾರಿ ಗಾಲಿಯ ಕಡೆಗೇ ಹೋಯಿತು. ಇಳಕಲು. ಗಾಡಿಯವ ಹಿಂದಿರುಗಿ ನೋಡಿ, ಕೂಗಿ, ಮೈಭಾರವನ್ನೆಲ್ಲ ಹಾಕಿ ಹಗ್ಗ ಜಗ್ಗಿದ. ಎತ್ತುಗಳು ನಾಲ್ಕೂ ಕಾಲು ಊರಿ ನಿಂತವು. ಗಾಡಿ ನಿಲ್ಲಲಿಲ್ಲ. ನಿಂತ ಎತ್ತುಗಳನ್ನೇ ತಳ್ಳಿಕೊಂಡು ಮತ್ತೂ ಒಂದು ಮಾರು ಹೋಯಿತು. ಆ ಒಂದು ಮಾರಿನಲ್ಲಿ ನನ್ನ ಗೆಳೆಯ ಇದ್ದ.

ಹೊರಸಿನ ಮೇಲೆ ಹೊತ್ತು, ಸಿಕ್ಕ ವಾಹನದಲ್ಲಿ ಮಿರಜಿಗೆ ಒಯ್ದರು. ಮೊಣಕಾಲಿನ ಕೆಳಗೆ ಎಡಗಾಲು ತೆಗೆದರು. ಜೀವ ಉಳಿಯಿತು.

ಊರು ಗಾಡಿಯವನನ್ನು ಬೈಯಿತು. ಅವನಿಗೆ ಎತ್ತು ಹಿಡಿಯಲು ಬರುವುದಿಲ್ಲ ಅಂದರು, ಕುಡಿದಿದ್ದ ಅಂದರು, ಬೇಕೆಂದೇ ನಿಲ್ಲಿಸಲಿಲ್ಲ ಎಂದವರೂ ಉಂಟು. ನಾನು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವನು ಹಗ್ಗ ಜಗ್ಗಿದ್ದನ್ನು ಕಂಡಿದ್ದೆ, ಎತ್ತುಗಳು ನಿಂತದ್ದನ್ನು ಕಂಡಿದ್ದೆ. ಹೇಳಿದರೆ ಯಾರೂ ನಂಬಲಿಲ್ಲ. "ಎತ್ತು ನಿಂತಮ್ಯಾಲ ಗಾಡಿ ಹೆಂಗ ಹೋಗತೈತಿ?" ಎಂದು ನನ್ನನ್ನೇ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅಪ್ಪ ಒಬ್ಬನೇ, ರಾತ್ರಿ ದನಗಳಿಗೆ ಸೋಗೆ ಹಾಕುತ್ತ, ತನಗೆ ತಾನೇ ಹೇಳಿಕೊಂಡವನಂತೆ ಅಂದ: "ಹೇರಿದ ಗಾಡಿಗೆ ತನ್ನ ಓಟ ಇರತೈತಿ. ಅದು ಎತ್ತಿನ ಮಾತೂ ಕೇಳಂಗಿಲ್ಲ, ಮನಷ್ಯಾನ ಮಾತೂ ಕೇಳಂಗಿಲ್ಲ." ಆ ಗಾಡಿಯವ ಮತ್ತೆ ಗಾಡಿ ಕಟ್ಟಲಿಲ್ಲ. ಎತ್ತು ಮಾರಿ, ಮಂದಿಯ ಹೊಲದಲ್ಲಿ ಕಬ್ಬು ಕಡಿಯಲು ಹೋದ.

ಕಾಲೇಜಿಗೆಂದು ಅಥಣಿಗೆ ಹೋದಾಗ ನ್ಯೂಟನ್ನನ ಮೊದಲ ನಿಯಮ ಎದುರಾಯಿತು. ಹೊರಗಿನ ಬಲ ಬೀಳದ ಹೊರತು ನಿಂತದ್ದು ನಿಂತೇ ಇರುತ್ತದೆ, ಓಡುವುದು ಅದೇ ವೇಗದಲ್ಲಿ ನೇರ ಗೆರೆಯಲ್ಲಿ ಓಡುತ್ತಲೇ ಇರುತ್ತದೆ. ಅದರ ಹೆಸರು ಜಡತ್ವ. 1687ರಲ್ಲಿ ಅಚ್ಚಾದ ಪುಸ್ತಕದ ಆ ಮಾತಿನಲ್ಲಿ ನಮ್ಮ ಹಳ್ಳದ ಇಳಕಲು ಇದೆ ಎಂದು ನನಗೆ ಆ ದಿನವೇ ಹೊಳೆಯಿತು ಎಂದರೆ ಸುಳ್ಳಾದೀತು. ಜಡ ಎಂದರೆ ನಮ್ಮ ಪುಸ್ತಕದ ಕನ್ನಡದಲ್ಲಿ ಮಂಕು, ಚೈತನ್ಯ ಇಲ್ಲದ್ದು, ಎಬ್ಬಿಸಿದರೂ ಏಳದ್ದು. ಹೀಗಾಗಿ ನಿಂತದ್ದು ನಿಂತೇ ಇರುವ ಅರ್ಧ ಭಾಗ ಬೇಗ ತಲೆಗೆ ಹೋಗುತ್ತದೆ, ಓಡುವುದು ಓಡುತ್ತಲೇ ಇರುವ ಇನ್ನರ್ಧ ಹೋಗುವುದಿಲ್ಲ. ಮುಂದೆ ಮೂವತ್ತು ವರ್ಷ ಪಾಠ ಮಾಡಿದ ಮೇಲೂ ಇದೇ ನನ್ನ ಅಭಿಪ್ರಾಯ: ಶಬ್ದದ ಹೆಗಲ ಮೇಲಿರುವ ಹಳೆಯ ಅರ್ಥ ಮಕ್ಕಳ ದಾರಿಗೆ ಅಡ್ಡ ಬರುತ್ತದೆ.

ಅದನ್ನು ಸರಿಸಿದ್ದು ನಿಪ್ಪಾಣಿಯ ಒಬ್ಬ ಹುಡುಗಿ. ನಾನು ಅಲ್ಲಿ ವಿಜ್ಞಾನದ ಮಾಸ್ತರನಾಗಿದ್ದ ಕಾಲ. ತಂಬಾಕಿನ ಪೇಟೆ, ತರಗತಿಯ ಅರ್ಧದಷ್ಟು ಮಕ್ಕಳ ತಾಯಂದಿರು ಬೀಡಿ ಕಟ್ಟುತ್ತಿದ್ದರು, ಬಹಳ ಮನೆಗಳಲ್ಲಿ ಮಾತು ಮರಾಠಿ. ಜಡತ್ವ ಎಂದರೇನು ಎಂದು ಕೇಳಿದೆ. ಕನ್ನಡ ಮನೆಯ ಮಕ್ಕಳು ಪುಸ್ತಕದ ವಾಕ್ಯ ಒಪ್ಪಿಸಿದರು. ಆ ಹುಡುಗಿ ಎದ್ದು, "ಸರ್, ಜಡ ಅಂದ್ರ ವಜ್ಜಾ ಅಲ್ಲೇನ್ರಿ? ವಜ್ಜಾ ಇದ್ದದ್ದು ಹೊಂಡಸಾಕೂ ತ್ರಾಸ, ನಿಂದ್ರಸಾಕೂ ತ್ರಾಸ" ಅಂದಳು. ಮರಾಠಿಯಲ್ಲಿ ಜಡ ಎಂದರೆ ಭಾರ. ಅವಳಿಗೆ ಜಡತ್ವ ಎಂದರೆ ಭಾರವಾಗಿರುವ ಗುಣ. ವಸ್ತುವಿನ ದ್ರವ್ಯರಾಶಿಯೇ ಅದರ ಜಡತ್ವದ ಅಳತೆ ಎಂದು ನಾನು ಮುಂದಿನ ವಾರ ಹೇಳಬೇಕೆಂದಿದ್ದ ಪಾಠವನ್ನು ಅವಳು ಮನೆಯಿಂದಲೇ ತಂದಿದ್ದಳು.

ಸುಣ್ಣ ತಿಕ್ಕುತ್ತ ಕಟ್ಟೆಯ ಮೇಲೆ ಕೂತ ಅಜ್ಜ ಆಗ ನೆನಪಾದ. ಗಡಿಯ ಮುದುಕ ಅವನು, ಜಡ ಎಂದು ಅಂದದ್ದು ಆ ಅರ್ಥದಲ್ಲೇ. ಆ ರಾತ್ರಿ ನಿಪ್ಪಾಣಿಯ ಬಾಡಿಗೆ ಕೋಣೆಯಲ್ಲಿ ಕೂತು, ಹದಿನೈದು ವರ್ಷ ತಡವಾಗಿ, ಗಾಡಿಯ ಲೆಕ್ಕ ಹಾಕಿದೆ.

ಗಾಡಿಯೂ ಕಬ್ಬೂ ಸೇರಿ 2 ಟನ್ ಎಂದುಕೊಳ್ಳಿ. ನೂರು ಅಡಿಗೆ ಆರು ಅಡಿ ಇಳಿಯುವ ಇಳಕಲಿನಲ್ಲಿ ಭೂಮಿ ಆ ಗಾಡಿಯನ್ನು ಮುಂದಕ್ಕೆ ದೂಡುವ ಬಲ ಸುಮಾರು 120 ಕಿಲೋ ತೂಕದಷ್ಟು. ಕಚ್ಚಾ ದಾರಿಯಲ್ಲಿ ಕಟ್ಟಿಗೆಯ ಗಾಲಿ ಇದ್ದಾಗ, ಮಣ್ಣಿನಲ್ಲಿ ಹೂಳುವ ಪಟ್ಟಿಯೂ ಇರಸಿನ ಉಜ್ಜಾಟವೂ ಸೇರಿ ಅದರ ಬಹುಪಾಲನ್ನು ನುಂಗಿಬಿಡುತ್ತಿದ್ದವು. ಗಾಡಿ ತನ್ನನ್ನು ತಾನೇ ತಡೆದುಕೊಳ್ಳುತ್ತಿತ್ತು, ಎತ್ತುಗಳಿಗೆ ಉಳಿಯುತ್ತಿದ್ದದ್ದು ಸ್ವಲ್ಪ. ಡಾಂಬರಿನ ಮೇಲೆ ಬೇರಿಂಗಿನ ಟಾಯರು ನುಂಗುವುದು ಅದರ ಕಾಲು ಭಾಗ. ಉಳಿದ ತೊಂಬತ್ತು ಕಿಲೋ ಎತ್ತುಗಳ ಪಾಲು. ಒಂದು ಎತ್ತು ದಣಿಯದೆ ಎಳೆಯುವ ಬಲ ಅದರ ಮೈತೂಕದ ಹತ್ತರಲ್ಲಿ ಒಂದು ಭಾಗದ ಆಸುಪಾಸು ಎನ್ನುತ್ತಾರೆ. ನಾನೂರು ಕಿಲೋದ ಎರಡು ಎತ್ತು ಸೇರಿದರೆ ಎಂಬತ್ತು. ಇಷ್ಟೂ ಗಾಡಿಯನ್ನು ಇದ್ದ ವೇಗದಲ್ಲೇ ಇಡುವುದಕ್ಕೆ ಮಾತ್ರ. ನಿಲ್ಲಿಸಬೇಕಾದರೆ ಅದರ ಮೇಲೆ ಇನ್ನಷ್ಟು ಬಲ ಬೇಕು. ಆ ಬಲವನ್ನು ಎತ್ತು ಕೊಡುವುದು ತನ್ನ ಕಾಲಿನಿಂದ. ಲಾಳ ಕಟ್ಟಿದ ಗೊರಸು ಹೊಸ ಡಾಂಬರಿನ ಮೇಲೆ, ರವದಿಯ ಮೇಲೆ, ಹಿಡಿತ ಸಿಗದೆ ಜಾರುತ್ತದೆ. ಎತ್ತು ನಿಂತ ಮೇಲೆ ಗಾಡಿ ಹೋದದ್ದು ಹೀಗೆ.

ಗಾಡಿಯವ ಕುಡಿದಿರಲಿಲ್ಲ. ಅವನಿಗೆ ಎತ್ತು ಹಿಡಿಯಲು ಬರುತ್ತಿತ್ತು. ಗಾಲಿ ಬದಲಾಗಿತ್ತು, ದಾರಿ ಬದಲಾಗಿತ್ತು, ಎರಡೂ ಸೇರಿ ಹಳೆಯ ತಡೆಯನ್ನು ತೆಗೆದುಹಾಕಿದ್ದವು. ಹೊಸ ತಡೆಯನ್ನು ಯಾರೂ ಹಾಕಿರಲಿಲ್ಲ. ನನ್ನ ವಹಿಯಲ್ಲಿ ಅರ್ಧ ಪುಟಕ್ಕೆ ಮುಗಿದ ಈ ಲೆಕ್ಕವನ್ನು ಹಿಡಿದು ಊರಿಗೆ ಹೋಗುವಷ್ಟರಲ್ಲಿ ಅವನು ತೀರಿಕೊಂಡು ಎರಡು ವರ್ಷವಾಗಿತ್ತು. ಅವನ ಹೆಂಡತಿಗೆ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದನ್ನ ಅವರಿಗೆ ಹೇಳಬೇಕಿತ್ತೋ ತಮ್ಮಾ" ಅಂದಳು. ನಾನು ಮಾಡಿದ ಯಾವ ಪಾಠವೂ ಅಷ್ಟು ತಡವಾಗಿ ಮುಟ್ಟಿಲ್ಲ, ಯಾವುದೂ ಅಷ್ಟು ನೋಯಿಸಿಲ್ಲ.

ಆಮೇಲೆ ನಾನು ಪಾಠ ಮಾಡುವ ರೀತಿಯೇ ಬದಲಾಯಿತು. ನಾಣ್ಯ, ರಟ್ಟು, ಗಾಜಿನ ಲೋಟದ ಪ್ರಯೋಗ ಇರಲಿ ಎಂದು ಬಿಟ್ಟು, ಮಕ್ಕಳು ಹೊಲದಲ್ಲಿ ಕಂಡದ್ದನ್ನು ಮೊದಲು ಹೇಳಿಸತೊಡಗಿದೆ. ರಾಯಬಾಗಕ್ಕೆ ವರ್ಗವಾದಾಗ ಚಿಂಚಲಿಯ ಕಡೆಯ ಹುಡುಗರು ನನ್ನ ತರಗತಿಯಲ್ಲಿದ್ದರು. ಮಾಯಕ್ಕನ ಜಾತ್ರೆಗೆ ಬರುವ ನೂರಾರು ಗಾಡಿಗಳನ್ನು ನೋಡುತ್ತ ಬೆಳೆದವರು. ಜಾತ್ರೆಗಳಲ್ಲಿ ಎತ್ತುಗಳಿಂದ ದೊಡ್ಡ ಕಲ್ಲು ಎಳೆಸುವ ಸ್ಪರ್ಧೆ ನಡೆಯುತ್ತದಲ್ಲ, ಅದರಲ್ಲಿ ಯಾವ ಗಳಿಗೆ ಕಠಿಣ ಎಂದು ಕೇಳಿದೆ. "ಕಲ್ಲ ಕದಲೂತನಾ ಸರ್. ಕದಲಿದ ಮ್ಯಾಲ ನಿಂದ್ರಾಕ ಬಿಡಬಾರದು, ನಿಂತರ ಮತ್ತ ಮೊದಲಿಂದ." ಸ್ಥಿತಿ ಘರ್ಷಣೆ ಚಲನೆಯ ಘರ್ಷಣೆಗಿಂತ ಹೆಚ್ಚು ಎಂದು ಹಲಗೆಯ ಮೇಲೆ ಬರೆಯುವುದಷ್ಟೇ ನನಗೆ ಉಳಿದ ಕೆಲಸ. ಕಬ್ಬಿನ ಗಳ ಮೊದಲು ಅಲುಗದೆ ಆಮೇಲೆ ಒಮ್ಮೆಲೇ ಬರುವುದೂ ಇದರಿಂದಲೇ. ಅದನ್ನು ಹೇಳುವಾಗ ಪ್ರತಿ ವರ್ಷ ನನ್ನ ದನಿ ಸ್ವಲ್ಪ ಇಳಿಯುತ್ತಿತ್ತು, ಮಕ್ಕಳಿಗೆ ಕಾರಣ ಗೊತ್ತಿರಲಿಲ್ಲ.

ಕಣದಲ್ಲಿ ಜೋಳ ತೂರುವುದನ್ನು ಹೇಳಿದ ಹುಡುಗನೊಬ್ಬನಿದ್ದ. ಮೇಟಿಯ ಸುತ್ತ ಹಂತಿ ಕಟ್ಟಿ ತುಳಿಸಿದ ಮೇಲೆ ಗಾಳಿಗೆ ಎದುರು ನೋಡುತ್ತ ನಿಂತು, ಬುಟ್ಟಿಯನ್ನು ತಲೆಯ ಮೇಲೆತ್ತಿ ಸಣ್ಣಗೆ ಸುರಿಯುವುದು. ಕಾಳು ಕಾಲ ಬಳಿ ಬೀಳುತ್ತದೆ, ಹೊಟ್ಟು ಹತ್ತು ಮಾರು ದೂರ ಹೋಗುತ್ತದೆ. ಗಾಳಿ ಎರಡಕ್ಕೂ ಒಂದೇ. ಕಾಳಿನ ಮೈಯ ಅಗಲಕ್ಕೆ ಭಾರ ಬಹಳ, ಹೊಟ್ಟಿನ ಅಗಲಕ್ಕೆ ಭಾರ ಇಲ್ಲವೇ ಇಲ್ಲ. ಅದೇ ಗಾಳಿ ಒಂದರ ದಾರಿಯನ್ನು ಅಷ್ಟಾಗಿ ಬದಲಿಸಲಾರದು, ಇನ್ನೊಂದನ್ನು ತನ್ನ ಜೊತೆಗೇ ಒಯ್ಯುತ್ತದೆ. ನ್ಯೂಟನ್ನನ ಎರಡನೆಯ ನಿಯಮಕ್ಕೆ ಇದಕ್ಕಿಂತ ಚೆಂದದ ಚಿತ್ರ ನಾನು ಯಾವ ಪುಸ್ತಕದಲ್ಲೂ ಕಂಡಿಲ್ಲ. ಈಗ ಮಷೀನು ಬಂದು ರಾಶಿ ಒಂದು ತಾಸಿನ ಕೆಲಸವಾಗಿದೆ. ತೂರುವುದನ್ನು ಕಂಡ ಮಕ್ಕಳೇ ತರಗತಿಯಲ್ಲಿ ಇರುವುದಿಲ್ಲ.

ನಿಪ್ಪಾಣಿ ಬಿಟ್ಟು ದಕ್ಷಿಣಕ್ಕೆ ಹೊರಟರೆ ತವನಿಧಿ ಘಾಟು. ಪುಣೆ–ಬೆಂಗಳೂರು ಹೆದ್ದಾರಿಯ ಆ ಇಳಿಜಾರಿನಲ್ಲಿ ಬಸ್ಸಿನ ಡ್ರೈವರ್ ಬೇಕೆಂದೇ ಕೆಳಗಿನ ಗೇರಿಗೆ ಹಾಕಿದಾಗ ಎಂಜಿನ್ ಗೊರಗೊರ ಎನ್ನುತ್ತಿತ್ತು. ಮುಂದಿನ ಸೀಟಿನಲ್ಲಿ ಕೂತು ಒಮ್ಮೆ ಕೇಳಿದೆ. "ಬ್ರೇಕ್ ಒಂದರ ಮ್ಯಾಲ ಇಳಿದರ ಕಾಯ್ತಾವರೀ ಮಾಸ್ತರ, ಕಾಯ್ದ ಬ್ರೇಕ್ ಹಿಡಿಯಂಗಿಲ್ಲ" ಅಂದರು. ಡೀಸೆಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಲಾರಿ ಇಳಿಸುವವರ ಬಗ್ಗೆ ಹೇಳುವಾಗ ಅವರ ಮುಖ ಗಂಟಿಕ್ಕಿತು. ಎತ್ತರದಿಂದ ಇಳಿಯುವ ಭಾರ ಗಳಿಸುವ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಎಂಜಿನ್ ಸ್ವಲ್ಪ ತಿನ್ನದಿದ್ದರೆ ಅಷ್ಟೂ ಬ್ರೇಕಿನ ಬಿಸಿಯಾಗುತ್ತದೆ. ಬ್ರೇಕು ಸುಟ್ಟ ಆ ಕಮಟು ವಾಸನೆ ಘಾಟಿನ ಕೆಳಗೆ ನನಗೆ ಎಷ್ಟೋ ಸಲ ಬಂದಿದೆ.

ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮ ಈ ಸೀಮೆ ಜೈನ ಒಕ್ಕಲಿಗರ ಸೀಮೆ. ಆಚಾರ್ಯ ವಿದ್ಯಾನಂದರು ಹುಟ್ಟಿದ ಶೇಡಬಾಳ, 1946ರಲ್ಲಿ ಆಚಾರ್ಯ ವಿದ್ಯಾಸಾಗರರು ಹುಟ್ಟಿದ ಸದಲಗಾ ಎಲ್ಲ ಇಲ್ಲೇ. ನಮ್ಮ ಪಕ್ಕದ ಮನೆಯ ಆಯಿ ಬಸದಿಯಲ್ಲಿ ಶಾಸ್ತ್ರ ಕೇಳಿ ಬಂದವಳು, ನಾವು ಓಡಿ ದಣಿದು ಬೇವಿನ ನೆರಳಿಗೆ ಬಂದು ಕೂತರೆ, "ಓಡಾಕ ಧರ್ಮದ್ರವ್ಯ ಬೇಕು, ಕುಂದ್ರಾಕ ಅಧರ್ಮದ್ರವ್ಯ ಬೇಕು" ಎಂದು ನಗುತ್ತಿದ್ದಳು. ಪುಣ್ಯ ಪಾಪದ ಮಾತು ಎಂದುಕೊಂಡಿದ್ದೆ. ಅದಲ್ಲ. ಜೈನ ತತ್ತ್ವದಲ್ಲಿ ಧರ್ಮದ್ರವ್ಯ ಎಂದರೆ ಚಲನೆಗೆ ನೆರವಾಗುವ, ಲೋಕವನ್ನೆಲ್ಲ ತುಂಬಿದ ಒಂದು ದ್ರವ್ಯ. ಮೀನಿಗೆ ನೀರಿನ ಹಾಗೆ. ನೀರು ಮೀನನ್ನು ತಳ್ಳುವುದಿಲ್ಲ, ಈಜುವ ಮೀನಿಗೆ ಆಸರೆಯಾಗುತ್ತದೆ. ಅಧರ್ಮದ್ರವ್ಯ ನಿಲ್ಲುವುದಕ್ಕೆ ನೆರವು; ದಾರಿಹೋಕನಿಗೆ ಮರದ ನೆರಳಿನ ಹಾಗೆ. ನೆರಳು ಯಾರನ್ನೂ ಹಿಡಿದು ಕೂಡಿಸುವುದಿಲ್ಲ.

ನ್ಯೂಟನ್ನನ ಮಾತೇ ಇಲ್ಲಿ ಮೊದಲೇ ಇತ್ತು ಎಂದು ನಾನು ಹೇಳುವುದಿಲ್ಲ. ಎರಡೂ ಬೇರೆ. ಒಂದೇ ವೇಗದ ಓಟಕ್ಕೂ ನಿಲುವಿಗೂ ಯಾವ ನೆರವೂ ಬೇಡ, ಬದಲಾವಣೆಗೆ ಮಾತ್ರ ಬಲ ಬೇಕು ಎನ್ನುವುದು ನ್ಯೂಟನ್ನನ ಉತ್ತರ. ಆದರೆ ಓಡುವುದನ್ನೂ ನಿಲ್ಲುವುದನ್ನೂ ಸಮನಾಗಿ ಇಟ್ಟು ಎರಡರ ಬಗ್ಗೆಯೂ ಕೇಳಿದ ಪ್ರಶ್ನೆ ಆ ಶಾಸ್ತ್ರದ್ದು. ನಾವು ಓಡುವುದರ ಬಗ್ಗೆ ಮಾತ್ರ ಕೇಳಿದೆವು. ಟಾಯರು ತಂದೆವು, ಬೇರಿಂಗು ತಂದೆವು, ಡಾಂಬರು ಹಾಕಿದೆವು. ನಿಲ್ಲುವುದಕ್ಕೆ ನೆರಳು ಎಲ್ಲಿ ಎಂದು ಕೇಳಲಿಲ್ಲ.

ನಿವೃತ್ತನಾಗಿ ಚಿಕ್ಕೋಡಿಯಲ್ಲಿ ಇದ್ದೇನೆ. ಹಂಗಾಮು ಶುರುವಾದರೆ ರಾತ್ರಿಯಿಡೀ ಟ್ರ್ಯಾಕ್ಟರುಗಳ ಸದ್ದು. ಒಂದು ಟ್ರ್ಯಾಕ್ಟರಿಗೆ ಎರಡು ಟ್ರಾಲಿ, ಆಳೆತ್ತರಕ್ಕಿಂತ ಮೇಲೆ ಒಟ್ಟಿದ ಕಬ್ಬು, ಹಾಡಿನ ಪೆಟ್ಟಿಗೆ ಜೋರು. ಹಿಂದಿನ ಟ್ರಾಲಿಗೆ ಎಷ್ಟೋ ಸಲ ಒಂದು ಕೆಂಪು ದೀಪವೂ ಇಲ್ಲ. ಹಳೆಯ ಚಟ, ಲೆಕ್ಕ ಹಾಕಿದೆ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಬರಿ ಟ್ರ್ಯಾಕ್ಟರು, ಒಣ ಡಾಂಬರಿನ ಮೇಲೆ, ಬ್ರೇಕು ಒತ್ತಿದ ಮೇಲೆ ನಾಲ್ಕು ಮೀಟರಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದೇ ಟ್ರ್ಯಾಕ್ಟರಿಗೆ 20 ಟನ್ ಕಬ್ಬಿನ ಟ್ರಾಲಿಗಳನ್ನು ಕಟ್ಟಿ, ಟ್ರಾಲಿಗಳಿಗೆ ತಮ್ಮದೇ ಬ್ರೇಕು ಇಲ್ಲದಿದ್ದರೆ, ಅದೇ ವೇಗದಿಂದ ನಿಲ್ಲಲು ಸುಮಾರು 25 ಮೀಟರು ಬೇಕು. ಅದೂ ಸಮತಟ್ಟಿನಲ್ಲಿ. ನಮ್ಮ ಹಳ್ಳದಂಥ ಇಳಕಲಿನಲ್ಲಾದರೆ ಆ ಬ್ರೇಕು ವೇಗ ಹೆಚ್ಚದಂತೆ ಹಿಡಿದೀತು ಅಷ್ಟೇ, ನಿಲ್ಲಿಸಲಾರದು. ಡ್ರೈವರ್ ಎಷ್ಟೇ ಒಳ್ಳೆಯವನಿರಲಿ, ಎಷ್ಟೇ ಎಚ್ಚರದವನಿರಲಿ, ಲೆಕ್ಕ ಬದಲಾಗುವುದಿಲ್ಲ.

ಕಳೆದ ಹಂಗಾಮಿನಲ್ಲಿ ಊರಿಗೆ ಹೋದಾಗ ಗೆಳೆಯನ ಹಿಟ್ಟಿನ ಗಿರಣಿಯಲ್ಲಿ ಕೂತಿದ್ದೆ. ನಲವತ್ತು ವರ್ಷದಿಂದ ಅವನು ಆ ಗಿರಣಿ ನಡೆಸುತ್ತಿದ್ದಾನೆ, ಕಟ್ಟಿಗೆಯ ಕಾಲನ್ನು ಸ್ಟೂಲಿನ ಮೇಲೆ ಚಾಚಿಕೊಂಡು. ಜೋಳದ ಡಬ್ಬಿ ತಂದ ಚಿಕ್ಕ ಹುಡುಗ ಗಿರಣಿ ಬಂದ್ ಮಾಡಿದ ಕೂಡಲೇ ಪಟ್ಟೆಯ ಹತ್ತಿರ ಹೋದ. ಗೆಳೆಯ ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದ. "ಬಂದ್ ಮಾಡಿದ್ರೂ ಇನ್ನ ತಿರಗತೈತಿ. ನಿಂದರೂತನಾ ನಿಂದರು." ಕಲ್ಲು ಸುತ್ತಿ ಸುತ್ತಿ, ಸದ್ದು ಇಳಿದು ಇಳಿದು, ಪೂರಾ ನಿಂತ ಮೇಲೆ ಹುಡುಗನ ಕೈ ಬಿಟ್ಟ. ಹೊರಗೆ ದಾರಿಯಲ್ಲಿ ಎರಡು ಟ್ರಾಲಿಯ ಟ್ರ್ಯಾಕ್ಟರೊಂದು ಹೋಗುತ್ತಿತ್ತು. ಮೂವರು ಮಕ್ಕಳು ಹಿಂದೆ ಓಡುತ್ತಿದ್ದರು, ಒಬ್ಬ ಎರಡು ಟ್ರಾಲಿಗಳ ನಡುವೆ. ಗೆಳೆಯ ಕೂತಲ್ಲಿಂದಲೇ ಕೂಗಿದ ಕೂಗು ನನ್ನ ಕಿವಿಯಲ್ಲಿ ಇನ್ನೂ ಇದೆ. ಮಕ್ಕಳು ಬಿಟ್ಟು ಓಡಿದರು.

ಕಬ್ಬು ಹೇರುವ ಅಣ್ಣ ತಮ್ಮಂದಿರೇ, ಎರಡು ಟ್ರಾಲಿಗೂ ಬ್ರೇಕು ಕಟ್ಟಿಸಿರಿ. ಹಿಂದೆ ಹೊಳೆಯುವ ಪಟ್ಟಿ ಅಂಟಿಸಿರಿ. ಅಪ್ಪನ ಗಾಡಿಯ ಕೆಳಗೂ ಒಂದು ಕಂದೀಲು ಇರುತ್ತಿತ್ತು. ತಾಯಂದಿರೇ, ದಾರಿಯ ಮೇಲೆ ಓಡುವ ಗಾಡಿಯಿಂದ ಗಳ ಎಳೆಯಲು ಮಕ್ಕಳನ್ನು ಬಿಡಬೇಡಿರಿ. ಕಬ್ಬು ಬೇಕೆಂದರೆ ಯಾರ ಹೊಲದ ಬದುವಿಗಾದರೂ ಹೋಗಿ ಕೇಳಲಿ. ನಮ್ಮ ಸೀಮೆಯಲ್ಲಿ ತಿನ್ನಲು ಕಬ್ಬು ಕೇಳಿದ ಮಗುವಿಗೆ ಯಾರೂ ಇಲ್ಲ ಅನ್ನುವುದಿಲ್ಲ.